ಬೂಟಿನಡಿಯ ಹೆಸರು

ಮುದುಕ ಮೊದಲು ತನ್ನ ಪೆಟ್ಟಿಗೆ ಬಿಚ್ಚುತ್ತಾನೆ. ಅಂತಸ್ತು ಅಂತಸ್ತಾಗಿ ತೆರೆದುಕೊಳ್ಳುವ ಪೆಟ್ಟಿಗೆ, ಒಳಗೆಲ್ಲ ಪುಟ್ಟ ಪುಟ್ಟ ಖಾನೆಗಳು. ಕೌಬಾಯ್ ಗೊಂಬೆಯನ್ನು ಎದುರಿಗೆ ಕೂರಿಸಿಕೊಂಡು ಹತ್ತಿ ಸುತ್ತಿದ ಕಡ್ಡಿಯಿಂದ ಅದರ ಕಣ್ಣು ಒರೆಸುತ್ತಾನೆ. ಸೂಜಿಗೆ ದಾರ ಪೋಣಿಸಿ, ಭುಜದ ಹತ್ತಿರ ಹರಿದ ತೋಳನ್ನು ಹೊಲಿಯುತ್ತಾನೆ. ಹೊಲಿಗೆ ಎಲ್ಲಿತ್ತು ಅಂತ ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಕೆನ್ನೆಗೆ ಬಣ್ಣ, ತಲೆಯ ಹಿಂದೆ ಸವೆದ ಜಾಗಕ್ಕೆ ಬಣ್ಣ, ಬೂಟಿಗೆ ಹೊಳಪು. ಕೊನೆಗೆ ಬೂಟನ್ನು ಎತ್ತಿ ಹಿಡಿದು, ಅದರ ಅಡಿಯಲ್ಲಿ ಒಬ್ಬ ಹುಡುಗ ಸೊಟ್ಟ ಅಕ್ಷರಗಳಲ್ಲಿ ಬರೆದಿಟ್ಟ ‘ಆಂಡಿ’ ಎಂಬ ಹೆಸರಿನ ಮೇಲೆ ಕುಂಚ ಎಳೆಯುತ್ತಾನೆ. ಹೆಸರು ಮಾಯ.

‘ಟಾಯ್ ಸ್ಟೋರಿ 2’ರ ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಾಗಲೆಲ್ಲ ಮುದುಕನ ಕೈಚಳಕಕ್ಕೆ ತಲೆದೂಗಿದ್ದೇನೆ. ಕಳೆದ ತಿಂಗಳು ಒಂದು ಭಾನುವಾರ ಏಳು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಭಾಗ, ಎರಡನೇ ಭಾಗ ಎರಡನ್ನೂ ಒಂದರ ಹಿಂದೊಂದು ನೋಡಿದೆ. ಕುಂಚ ಬೂಟಿನ ಅಡಿಗೆ ಬಂದಾಗ ಅವಳು ಎದ್ದು ಕೂತಳು. ‘ಅಪ್ಪಾ, ಹೆಸರು ಯಾಕೆ ಅಳಿಸ್ತಿದಾನೆ? ಅದು ಕೊಳೆ ಅಲ್ಲ ಅಲ್ವಾ?’ ಅಂದಳು. ನಾನು ಅಲ್ಲಿಯವರೆಗೆ ನೋಡುತ್ತಿದ್ದದ್ದು ರಿಪೇರಿ. ಅವಳು ನೋಡಿದ್ದು ಕಳವು. ಆ ಪ್ರಶ್ನೆಯ ನಂತರ ಈ ಎರಡು ಚಿತ್ರಗಳನ್ನು ನಾನು ಬೇರೆ ರೀತಿಯಲ್ಲಿ ನೋಡಲು ಶುರುಮಾಡಿದೆ.

ಮೊದಲ ಭಾಗದಷ್ಟು ಎರಡನೇ ಭಾಗ ಚೆನ್ನಾಗಿದೆಯೇ? ಯಾವ ಸಿನಿಮಾದ ಮುಂದುವರಿದ ಭಾಗ ಬಂದರೂ ಕೇಳುವ ಮೊದಲ ಪ್ರಶ್ನೆ ಇದು. ನಗಿಸುವ ಚಿತ್ರಕ್ಕಂತೂ ಇದು ಇನ್ನೂ ಕಠಿಣವಾದ ಪ್ರಶ್ನೆ. ಸಾಹಸದ ಕಥೆಯಾದರೆ ಬೆಟ್ಟ ಇನ್ನಷ್ಟು ಎತ್ತರ ಮಾಡಬಹುದು, ಖಳನಿಗೆ ಇನ್ನಷ್ಟು ಬಲ ಕೊಡಬಹುದು. ನಗೆಗೆ ಆ ದಾರಿಯಿಲ್ಲ. ಗೊತ್ತಿರುವ ಪ್ರಸಂಗವನ್ನೇ ರಾತ್ರಿಯಿಡೀ ಕೂತು ನೋಡುವ ಅಭ್ಯಾಸ ನಮ್ಮ ಯಕ್ಷಗಾನ ಪ್ರೇಕ್ಷಕರಿಗಿದೆ. ಕಥೆ ಗೊತ್ತಿದ್ದರೆ ಅವರಿಗೇನೂ ನಷ್ಟವಿಲ್ಲ. ಆದರೆ ಅದೇ ಪ್ರೇಕ್ಷಕರು ಹಾಸ್ಯಗಾರನಿಂದ ನಿನ್ನೆಯ ಮಾತನ್ನು ಒಪ್ಪುವುದಿಲ್ಲ. ಅವನು ಇವತ್ತಿನದನ್ನು ಇವತ್ತೇ ಹುಟ್ಟಿಸಬೇಕು. ಕಂಪ್ಯೂಟರಿನಲ್ಲಿ ಒಂದೊಂದು ಫ್ರೇಮನ್ನೂ ತಿಂಗಳುಗಟ್ಟಲೆ ಕೂತು ಕಟ್ಟುವ ಆ್ಯನಿಮೇಷನ್‌ನವರಿಗೆ ಆಶುಮಾತಿನ ಅನುಕೂಲವೂ ಇಲ್ಲ. ಆದ್ದರಿಂದಲೇ ಹೆಚ್ಚಿನ ಎರಡನೇ ಭಾಗಗಳು ಸುಲಭದ ದಾರಿ ಹಿಡಿಯುತ್ತವೆ: ಮೊದಲ ಚಿತ್ರದಲ್ಲಿ ಪಕ್ಕದಲ್ಲಿ ನಿಂತು ನಗಿಸಿದವನನ್ನು ನಡುವೆ ತಂದು ನಿಲ್ಲಿಸುವುದು. ‘ಕಾರ್ಸ್ 2’ (2011) ಮಾಡಿದ್ದು ಅದನ್ನೇ. ತುಕ್ಕು ಹಿಡಿದ ಟ್ರಕ್ಕು ಮೇಟರ್ ಮೊದಲ ಚಿತ್ರದಲ್ಲಿ ಉಪ್ಪಿನಕಾಯಿಯಷ್ಟಿದ್ದ. ಎರಡನೆಯದರಲ್ಲಿ ಅವನನ್ನೇ ಊಟ ಮಾಡಿ ಬಡಿಸಿದರು. ಅದನ್ನು ಕಟ್ಟಿದ್ದೂ ‘ಟಾಯ್ ಸ್ಟೋರಿ’ ಮಾಡಿದ ಪಿಕ್ಸಾರ್‌ನವರೇ, ಪ್ರತಿಭೆಗೆ ಕೊರತೆ ಇರಲಿಲ್ಲ.

‘ಟಾಯ್ ಸ್ಟೋರಿ’ ಬಂದದ್ದು 1995ರ ನವೆಂಬರ್ 22ರಂದು. ಪೂರ್ತಿಯಾಗಿ ಕಂಪ್ಯೂಟರ್‌ನಲ್ಲೇ ರೂಪುಗೊಂಡ ಮೊದಲ ಪೂರ್ಣಪ್ರಮಾಣದ ಚಲನಚಿತ್ರ ಅದು. ಆಗಿನ ಕಂಪ್ಯೂಟರುಗಳಿಗೆ ಮನುಷ್ಯರ ಚರ್ಮ, ಕೂದಲು, ಬಟ್ಟೆ ಒಲಿಯುತ್ತಿರಲಿಲ್ಲ. ಏನು ಮಾಡಿದರೂ ಎಲ್ಲವೂ ಪ್ಲಾಸ್ಟಿಕ್ಕಿನಂತೆ ಕಾಣುತ್ತಿತ್ತು. ಹಾಗಾದರೆ ಪ್ಲಾಸ್ಟಿಕ್ಕಿನದೇ ಕಥೆ ಹೇಳೋಣ ಎಂದು ಹೊರಟಿದ್ದರಲ್ಲೇ ನಿರ್ದೇಶಕ ಜಾನ್ ಲ್ಯಾಸೆಟರ್ ಬಳಗದ ಜಾಣ್ಮೆ ಇತ್ತು. ಎಂಬತ್ತೊಂದು ನಿಮಿಷದ ಚಿತ್ರ. ಆಂಡಿ ಎಂಬ ಹುಡುಗನ ಅಚ್ಚುಮೆಚ್ಚಿನ ಕೌಬಾಯ್ ಗೊಂಬೆ ವುಡಿ. ಹುಟ್ಟುಹಬ್ಬಕ್ಕೆ ಬಂದ ಹೊಸ ಗೊಂಬೆ ಬಜ್ ಲೈಟ್‌ಇಯರ್. ಮಂಚದ ಮೇಲಿನ ಜಾಗ ಕಳೆದುಕೊಂಡ ವುಡಿಯ ಹೊಟ್ಟೆಕಿಚ್ಚು ಒಂದು ಕಡೆ. ತಾನು ಗೊಂಬೆ ಎಂಬುದೇ ಗೊತ್ತಿಲ್ಲದೆ, ನಿಜವಾದ ಬಾಹ್ಯಾಕಾಶ ಯೋಧ ಎಂದೇ ನಂಬಿ ಓಡಾಡುವ ಬಜ್‌ನ ಗಾಂಭೀರ್ಯ ಇನ್ನೊಂದು ಕಡೆ. ಚಿತ್ರದ ಅರ್ಧಕ್ಕರ್ಧ ನಗೆ ಬರುವುದು ಈ ಗಾಂಭೀರ್ಯದಿಂದ. ಎಲ್ಲರಿಗೂ ಗೊತ್ತಿರುವುದು ಅವನೊಬ್ಬನಿಗೇ ಗೊತ್ತಿಲ್ಲ.

ಕೊನೆಗೆ ಅವನಿಗೂ ಗೊತ್ತಾಗುತ್ತದೆ. ಗೊಂಬೆಗಳನ್ನು ಕಿತ್ತು ಹಿಂಸಿಸುವ ಸಿಡ್ ಎಂಬ ಹುಡುಗನ ಮನೆಯಲ್ಲಿ ಟಿ.ವಿ. ಓಡುತ್ತಿರುತ್ತದೆ. ಪರದೆಯಲ್ಲಿ ಬಜ್ ಗೊಂಬೆಯ ಜಾಹೀರಾತು. ತನ್ನಂಥವರು ಅಂಗಡಿಯ ಕಪಾಟುಗಳ ತುಂಬ ಇದ್ದಾರೆ ಎಂದು ಅವನು ನೋಡುತ್ತಾನೆ. ನಂಬದೆ ಮೆಟ್ಟಿಲಿನ ಕಟಾಂಜನದ ಮೇಲಿಂದ ಹಾರಲು ಹೋಗಿ ಬೀಳುತ್ತಾನೆ, ತೋಳು ಕಳಚಿಕೊಳ್ಳುತ್ತದೆ. ಆಮೇಲೆ, ಎಲ್ಲ ಮುಗಿಯಿತು ಎಂದು ಕುಳಿತಿದ್ದಾಗ, ತನ್ನ ಪಾದವನ್ನೊಮ್ಮೆ ಮಡಚಿ ನೋಡಿಕೊಳ್ಳುತ್ತಾನೆ. ಅಡಿಯಲ್ಲಿ ಆಂಡಿಯ ಹೆಸರು. ಹಾರಲಾರದಿದ್ದರೂ ತಾನು ಯಾರಿಗೋ ಬೇಕಾದವನು ಎಂಬುದಕ್ಕೆ ಅದು ಸಾಕ್ಷಿ. ಅಲ್ಲಿಂದ ಅವನು ಮತ್ತೆ ಎದ್ದು ನಿಲ್ಲುತ್ತಾನೆ.

ಈಗ ಎರಡನೇ ಭಾಗ. ನಾಲ್ಕು ವರ್ಷದ ನಂತರ, 1999ರ ನವೆಂಬರ್‌ನಲ್ಲಿ ಬಂತು. ಆಂಡಿ ಆಟವಾಡುವಾಗ ವುಡಿಯ ತೋಳು ಹರಿಯುತ್ತದೆ. ಹುಡುಗ ಅವನನ್ನು ಬಿಟ್ಟು ಬೇಸಿಗೆ ಶಿಬಿರಕ್ಕೆ ಹೋಗುತ್ತಾನೆ. ವುಡಿ ಕಪಾಟಿನ ಮೇಲಕ್ಕೆ. ಅಲ್ಲಿ ಧೂಳಿನ ಮಧ್ಯೆ, ಕೂಗು ಕೆಟ್ಟುಹೋದದ್ದಕ್ಕೆ ಮೂಲೆಗುಂಪಾದ ಪೆಂಗ್ವಿನ್ ಗೊಂಬೆ ವೀಜಿ ಸಿಗುತ್ತದೆ. ಮನೆಯಂಗಳದಲ್ಲಿ ಹಳೆ ಸಾಮಾನು ಮಾರಲು ಇಟ್ಟಾಗ ವೀಜಿಯನ್ನು ಉಳಿಸಲು ಹೋದ ವುಡಿ ತಾನೇ ಕಳುವಾಗುತ್ತಾನೆ. ಕದ್ದವನು ಆಲ್ ಎಂಬ ಆಟಿಕೆ ಅಂಗಡಿಯ ಮಾಲೀಕ. ಅವನ ಮನೆಯಲ್ಲಿ ಜೆಸ್ಸಿ ಎಂಬ ಗೊಂಬೆ, ಬುಲ್ಸ್‌ಐ ಎಂಬ ಕುದುರೆ, ಮಾರಾಟವಾಗದೆ ಡಬ್ಬದಲ್ಲೇ ಉಳಿದ ಸ್ಟಿಂಕಿ ಪೀಟ್ ಇದ್ದಾರೆ. ಅವರು ವುಡಿಗೆ ಟಿ.ವಿ. ಹಾಕಿ ತೋರಿಸುತ್ತಾರೆ. ಕಪ್ಪು ಬಿಳುಪಿನ ಹಳೆಯ ಸೂತ್ರದ ಗೊಂಬೆಯಾಟ; ಅದರ ನಾಯಕ ವುಡಿಯೇ. ರಷ್ಯಾದವರು ಸ್ಪುಟ್ನಿಕ್ ಹಾರಿಸಿದ ಮೇಲೆ ಮಕ್ಕಳಿಗೆಲ್ಲ ಬಾಹ್ಯಾಕಾಶದ ಆಟಿಕೆಗಳೇ ಬೇಕಾಗಿ, ಆ ಕಾರ್ಯಕ್ರಮ ಅರ್ಧಕ್ಕೇ ನಿಂತಿತ್ತಂತೆ.

ಎರಡು ಚಿತ್ರಗಳನ್ನು ಒಂದೇ ದಿನ ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮೊದಲ ಚಿತ್ರದಲ್ಲಿ ಟಿ.ವಿ. ಬಜ್‌ಗೆ ಹೇಳಿದ್ದು: ನೀನು ವಿಶೇಷನಲ್ಲ, ನಿನ್ನಂಥವರು ಸಾವಿರ ಇದ್ದಾರೆ. ಎರಡನೆಯದರಲ್ಲಿ ಟಿ.ವಿ. ವುಡಿಗೆ ಹೇಳುವುದು: ನೀನು ಅಪರೂಪ, ನಿನ್ನಂಥವರು ಸಿಗುವುದಿಲ್ಲ. ಅಲ್ಲಿ ತೋಳು ಕಳಚಿದ್ದು ಬಜ್‌ಗೆ, ಇಲ್ಲಿ ಹರಿದದ್ದು ವುಡಿಗೆ. ಅಲ್ಲಿ ಬೂಟಿನಡಿಯ ಹೆಸರು ಒಬ್ಬನನ್ನು ಬದುಕಿಸಿತು, ಇಲ್ಲಿ ಅದೇ ಹೆಸರನ್ನು ಬಣ್ಣ ಬಳಿದು ಮುಚ್ಚಿದರು. ಮೊದಲನೆಯದರಲ್ಲಿ ವುಡಿ ಬಜ್‌ಗೆ ಹೇಳಿಕೊಟ್ಟ ಪಾಠವನ್ನು ಎರಡನೆಯದರಲ್ಲಿ ಬಜ್ ಊರೆಲ್ಲ ದಾಟಿ ಬಂದು ವುಡಿಗೇ ಒಪ್ಪಿಸುತ್ತಾನೆ. ಮಗುವಿನ ಪ್ರೀತಿ ಇದ್ದರೇನೇ ಗೊಂಬೆಯ ಬಾಳಿಗೆ ಅರ್ಥ ಎಂದು ಕಲಿಸಿದವನು ನೀನಲ್ಲವೇ ಎನ್ನುತ್ತಾನೆ. ಸೀರೆಯನ್ನು ಮಗುಚಿ ಒಳಮೈಯ ನೇಯ್ಗೆ ನೋಡಿದಂತೆ ಇದು. ದಾರ ಅವೇ, ಬಣ್ಣ ಅವೇ. ಮೇಲಿಂದ ಕಾಣದಿದ್ದ ಗಂಟುಗಳು ಮಾತ್ರ ಈ ಕಡೆ ಕಾಣುತ್ತವೆ.

ನಗೆಯನ್ನೂ ಹೀಗೇ ಮಗುಚಿದ್ದಾರೆ. ಆಲ್‌ನ ಅಂಗಡಿಗೆ ನುಗ್ಗಿದ ಬಜ್ ಒಂದು ಸಾಲಿಗೆ ಬರುತ್ತಾನೆ. ನೆಲದಿಂದ ಚಾವಣಿಯವರೆಗೆ ಎರಡೂ ಬದಿ ಬಜ್ ಗೊಂಬೆಗಳೇ, ಎಲ್ಲವೂ ಹೊಚ್ಚ ಹೊಸವು, ಡಬ್ಬದೊಳಗೆ ನಿಂತಿವೆ. ಅದರಲ್ಲೊಬ್ಬ, ಸೊಂಟಕ್ಕೆ ಹೊಸ ಬೆಲ್ಟು ಹಾಕಿದವನು, ಎದ್ದು ಬಂದು ಇವನನ್ನೇ ತಪ್ಪಿಸಿಕೊಂಡು ಬಂದ ಅಪರಾಧಿ ಎಂದು ಹಿಡಿಯುತ್ತಾನೆ. ಅವನಿಗೂ ತಾನು ಗೊಂಬೆ ಎಂದು ಗೊತ್ತಿಲ್ಲ. ಅದೇ ಗಾಂಭೀರ್ಯ, ಅದೇ ಎದೆಯುಬ್ಬು. ನಮ್ಮ ಬಜ್ ಅವನನ್ನು ಕಂಡು ತಾನೂ ಇಷ್ಟು ಭ್ರಮೆಯಲ್ಲಿದ್ದೆನೇ ಎಂದು ಕಂಗಾಲಾಗುತ್ತಾನೆ. ಮೊದಲ ಚಿತ್ರ ನೋಡದವರು ಇಲ್ಲಿ ಮುಗುಳ್ನಗುತ್ತಾರೆ. ನೋಡಿದವರು ಬಿದ್ದು ಬಿದ್ದು ನಗುತ್ತಾರೆ, ನಗುತ್ತಲೇ ಸ್ವಲ್ಪ ನಾಚುತ್ತಾರೆ ಕೂಡ. ಹದಿನೇಳರ ವಯಸ್ಸಿನಲ್ಲಿ ತಾವು ಬರೆದ ಕಾಗದ ಯಾರೋ ಜೋರಾಗಿ ಓದಿದಾಗ ಆಗುವಂಥದ್ದು. ಮೊದಲ ಸಲದ ನಗೆ ಅಜ್ಞಾನದ್ದು. ಈ ಸಲದ್ದು ಜ್ಞಾನದ್ದು. ಹಳೆಯ ತಮಾಷೆಯನ್ನೇ ತಂದಿದ್ದಾರೆ, ಆದರೆ ಅದನ್ನು ನೋಡುವ ಕಣ್ಣು ನಾಲ್ಕು ವರ್ಷ ದೊಡ್ಡದಾಗಿದೆ.

ಆ ಸಾಲಿನಲ್ಲಿ ನಿಂತ ನೂರಾರು ಬಜ್‌ಗಳನ್ನು ನೋಡುವಾಗ ನನಗೆ ಇನ್ನೊಂದು ಯೋಚನೆ ಬರುತ್ತದೆ. ಯಶಸ್ವಿ ಚಿತ್ರವೊಂದರ ಮುಂದಿನ ಭಾಗ ಎಂದರೆ ಸಾಮಾನ್ಯವಾಗಿ ಅದೇ ತಾನೆ: ಅದೇ ಅಚ್ಚಿನ ಇನ್ನೊಂದು ಗೊಂಬೆ, ಸೊಂಟಕ್ಕೆ ಮಾತ್ರ ಹೊಸ ಬೆಲ್ಟು. ತಾವು ತಯಾರಿಸುತ್ತಿರುವುದು ಅದಾಗಬಾರದು ಎಂಬ ಭಯವನ್ನೇ ಇವರು ದೃಶ್ಯ ಮಾಡಿಟ್ಟರು.

ಆ ಭಯಕ್ಕೆ ಕಾರಣಗಳಿದ್ದವು. ‘ಟಾಯ್ ಸ್ಟೋರಿ’ಯನ್ನು ಬಿಡುಗಡೆ ಮಾಡಿದ ಡಿಸ್ನಿ ಕಂಪನಿ 1994ರಲ್ಲಿ ‘ಅಲಾದಿನ್’ ಚಿತ್ರದ ಮುಂದುವರಿಕೆಯಾಗಿ ‘ದ ರಿಟರ್ನ್ ಆಫ್ ಜಾಫರ್’ ಚಿತ್ರವನ್ನು ಥಿಯೇಟರಿಗೆ ತಾರದೆ ನೇರವಾಗಿ ವಿಡಿಯೊ ಕ್ಯಾಸೆಟ್ಟಿನಲ್ಲಿ ಮಾರಿ ಚೆನ್ನಾಗಿ ದುಡಿದಿತ್ತು. ಕಡಿಮೆ ಖರ್ಚು, ಖಚಿತ ಗಿರಾಕಿ. ‘ಟಾಯ್ ಸ್ಟೋರಿ 2’ ಕೂಡ ಹಾಗೇ, ಅರವತ್ತು ಎಪ್ಪತ್ತು ನಿಮಿಷದ ಕ್ಯಾಸೆಟ್ ಚಿತ್ರವಾಗಿಯೇ ಶುರುವಾದದ್ದು. ಲ್ಯಾಸೆಟರ್ ಮತ್ತು ಮುಖ್ಯ ಬಳಗ ‘ಎ ಬಗ್ಸ್ ಲೈಫ್’ ಚಿತ್ರದಲ್ಲಿ ಮುಳುಗಿದ್ದರಿಂದ ಇದನ್ನು ಬೇರೆ ತಂಡಕ್ಕೆ ಒಪ್ಪಿಸಲಾಗಿತ್ತು. 1998ರ ಹೊತ್ತಿಗೆ ಚಿತ್ರ ಥಿಯೇಟರಿಗೇ ಹೋಗಲಿ ಎಂದು ತೀರ್ಮಾನವಾಯಿತು.

ಆ ವರ್ಷವೇ ಒಂದು ಅನಾಹುತವಾಯಿತು. ಪಿಕ್ಸಾರ್‌ನ ಅಂದಿನ ಮುಖ್ಯಸ್ಥರಲ್ಲೊಬ್ಬರಾದ ಎಡ್ ಕ್ಯಾಟ್ಮಲ್ ‘ಕ್ರಿಯೇಟಿವಿಟಿ, ಇಂಕ್.’ ಎಂಬ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಹೇಳಿದ್ದಾರೆ. ಯಾರೋ ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಕಂಪ್ಯೂಟರಿನಲ್ಲಿದ್ದ ಚಿತ್ರದ ಕಡತಗಳು ಅಳಿಸಿಹೋಗತೊಡಗಿದವು. ಪರದೆಯ ಮುಂದೆ ಕೂತವರ ಕಣ್ಣೆದುರೇ ವುಡಿಯ ಟೋಪಿ ಹೋಯಿತು, ಬೂಟು ಹೋಯಿತು, ಆಮೇಲೆ ವುಡಿಯೇ ಹೋದ. ಓಡಿ ಹೋಗಿ ಯಂತ್ರದ ಪ್ಲಗ್ ಕಿತ್ತರೂ ಅಷ್ಟು ಹೊತ್ತಿಗೆ ಚಿತ್ರದ ನೂರಕ್ಕೆ ತೊಂಬತ್ತು ಭಾಗ ಇರಲಿಲ್ಲ. ಪ್ರತಿ ಉಳಿಸಿಡುವ ವ್ಯವಸ್ಥೆಯನ್ನು ತೆರೆದು ನೋಡಿದರೆ ಅದೂ ಕೆಲಸ ಮಾಡಿರಲಿಲ್ಲ. ಆಗ ಗ್ಯಾಲಿನ್ ಸಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಗೆ ನೆನಪಾಯಿತು: ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡಲೆಂದು ಅವರು ಮನೆಯ ಕಂಪ್ಯೂಟರಿಗೆ ಚಿತ್ರದ ಪ್ರತಿ ಹಾಕಿಸಿಕೊಂಡಿದ್ದರು. ಕಾರಿನಲ್ಲಿ ಹೋಗಿ, ಆ ಕಂಪ್ಯೂಟರನ್ನು ಎಳೆಗೂಸನ್ನು ಸುತ್ತುವಂತೆ ಕಂಬಳಿಗಳಲ್ಲಿ ಸುತ್ತಿ, ನಿಧಾನವಾಗಿ ತಂದರು. ಚಿತ್ರ ಉಳಿಯಿತು.

ಈ ಕಥೆ ಹೇಳುವವರು ಬಹಳ ಸಲ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲಿನದು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಆ ಚಿತ್ರ ಚೆನ್ನಾಗಿರಲಿಲ್ಲ. ‘ಎ ಬಗ್ಸ್ ಲೈಫ್’ ಮುಗಿಸಿ ಬಂದ ಲ್ಯಾಸೆಟರ್ ಅದನ್ನು ನೋಡಿದರು. ಕಥೆ ಸಪ್ಪೆಯಾಗಿತ್ತು, ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಾಗುತ್ತಿತ್ತು. ವುಡಿ ಆಂಡಿಯ ಹತ್ತಿರ ಮರಳುತ್ತಾನೋ ಇಲ್ಲವೋ ಎಂಬ ಆತಂಕ ಯಾರಿಗೂ ಹುಟ್ಟುತ್ತಿರಲಿಲ್ಲ. ಡಿಸ್ನಿಯವರು ಇಷ್ಟು ಸಾಕು ಎಂದಿದ್ದರು. ಬಿಡುಗಡೆಗೆ ಉಳಿದದ್ದು ಸುಮಾರು ಒಂಬತ್ತು ತಿಂಗಳು. ಆ ಒಂಬತ್ತು ತಿಂಗಳಲ್ಲಿ, ಕಥೆಯಿಂದ ಹಿಡಿದು ಹೆಚ್ಚುಕಡಿಮೆ ಎಲ್ಲವನ್ನೂ ಮತ್ತೆ ಮಾಡಿದರು. ಮೊದಲ ಚಿತ್ರಕ್ಕೂ ಇಂಥದೊಂದು ದಿನ ಬಂದಿತ್ತು. 1993ರ ನವೆಂಬರ್‌ನಲ್ಲಿ ಡಿಸ್ನಿಯವರಿಗೆ ತೋರಿಸಿದ ಕರಡಿನಲ್ಲಿ ವುಡಿ ಎಷ್ಟು ಸಣ್ಣಬುದ್ಧಿಯವನಾಗಿ, ಎಷ್ಟು ಒರಟಾಗಿ ಕಂಡನೆಂದರೆ ಕೆಲಸವನ್ನೇ ನಿಲ್ಲಿಸಬೇಕಾಯಿತು. ಬರಹಗಾರರು ಮತ್ತೆ ಕೂತು ಅವನಿಗೆ ಹೃದಯ ಕೊಟ್ಟರು.

ಎರಡನೇ ಸಲದ ತಿದ್ದುಪಡಿಗೆ ತೆತ್ತ ಬೆಲೆ ಮಾತ್ರ ಬೇರೆ ತರಹದ್ದು. ವಾರದ ಏಳೂ ದಿನ, ರಾತ್ರಿ ಹಗಲೆನ್ನದೆ ಮೌಸ್ ಹಿಡಿದು ಕೂತವರಲ್ಲಿ ಮೂರನೇ ಒಂದು ಪಾಲು ಜನಕ್ಕೆ ಚಿತ್ರ ಮುಗಿಯುವ ಹೊತ್ತಿಗೆ ಕೈ, ಮಣಿಕಟ್ಟಿನ ನೋವಿನ ತೊಂದರೆ ಅಂಟಿಕೊಂಡಿತ್ತು ಎಂದು ಕ್ಯಾಟ್ಮಲ್ ಬರೆಯುತ್ತಾರೆ. ಇನ್ನೂ ಘೋರವಾದದ್ದು ಇದೆ. ಒಬ್ಬ ಕಲಾವಿದ ಬೆಳಿಗ್ಗೆ ಮಗುವನ್ನು ಶಿಶುವಿಹಾರಕ್ಕೆ ಬಿಡಬೇಕಿತ್ತು. ದಣಿವಿನ ಮಂಪರಿನಲ್ಲಿ ಮರೆತು, ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲೇ ಬಿಟ್ಟು ಕೆಲಸಕ್ಕೆ ಕೂತುಬಿಟ್ಟ. ಹೊರಗೆ ಕಾದ ಬಿಸಿಲು. ಹೆಂಡತಿ ಕೇಳಿದಾಗ ನೆನಪಾಗಿ ಓಡಿದರೆ ಮಗು ಪ್ರಜ್ಞೆ ತಪ್ಪಿತ್ತು. ತಣ್ಣೀರು ಹಾಕಿ ಎಚ್ಚರಿಸಿದರು, ಮಗು ಬದುಕಿತು. ಮಕ್ಕಳ ಪ್ರೀತಿಯ ಬಗ್ಗೆ ಕಥೆ ಹೇಳುತ್ತಿದ್ದ ಕಟ್ಟಡದ ಅಂಗಳದಲ್ಲಿ ನಡೆದದ್ದು ಇದು. ಚಿತ್ರ ಎಷ್ಟೇ ಒಳ್ಳೆಯದಾಗಿದ್ದರೂ ಇದನ್ನು ಪಕ್ಕಕ್ಕಿಟ್ಟು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಗೊಂಬೆ ರಿಪೇರಿಯ ಮುದುಕನನ್ನು ಎಷ್ಟು ಹೊತ್ತು ಬೇಕು ಎಂದು ಆಲ್ ಕೇಳಿದಾಗ, ಕಲೆಗೆ ಅವಸರ ಮಾಡುವಂತಿಲ್ಲ ಎಂಬರ್ಥದ ಮಾತನ್ನು ಅವನು ಹೇಳುತ್ತಾನೆ. ಆ ಮಾತು ಬರೆದವರ ಕೈ ಆಗ ಎಷ್ಟು ನೋಯುತ್ತಿತ್ತೋ ಎಂದು ಈಗ ಆ ದೃಶ್ಯ ಬಂದಾಗಲೆಲ್ಲ ಅನಿಸುತ್ತದೆ.

ಮುದುಕ ಕೂಡ ಒಂದು ಲೆಕ್ಕದಲ್ಲಿ ಹಳೆಯ ಗೊಂಬೆಯೇ. 1997ರಲ್ಲಿ ಪಿಕ್ಸಾರ್ ತಯಾರಿಸಿದ, ಆಸ್ಕರ್ ಗೆದ್ದ ‘ಗೆರೀಸ್ ಗೇಮ್’ ಎಂಬ ಕಿರುಚಿತ್ರದಲ್ಲಿ ತನ್ನೊಡನೆ ತಾನೇ ಚದುರಂಗ ಆಡುತ್ತಿದ್ದವನು ಇವನೇ. ಪೆಟ್ಟಿಗೆಯ ಒಂದು ಖಾನೆ ಎಳೆದಾಗ ಒಳಗೆ ಚದುರಂಗದ ಕಾಯಿಗಳು ಕಾಣುತ್ತವೆ, ಕಣ್ಣಿಟ್ಟು ನೋಡಿ. ಮನುಷ್ಯರ ಚರ್ಮದ ಸುಕ್ಕು, ಬಟ್ಟೆಯ ಮಡಿಕೆಗಳನ್ನು ಕಂಪ್ಯೂಟರಿನಲ್ಲಿ ಕೂರಿಸಲು ಕಲಿತದ್ದು ಆ ಕಿರುಚಿತ್ರದಲ್ಲಿ. ಆ ಕಲಿಕೆ ಇರದಿದ್ದರೆ ಆಲ್‌ನ ಒರಟು ಗಡ್ಡದ ಕೆನ್ನೆ, ಬೆವರು ಹಿಡಿದ ಮುಖ ಸಾಧ್ಯವಾಗುತ್ತಿರಲಿಲ್ಲ. ನೋಟದ ಮಟ್ಟಿಗೆ ಎರಡನೇ ಭಾಗ ಮೊದಲನೆಯದಕ್ಕಿಂತ ಎಷ್ಟೋ ಮುಂದಿದೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಾಲ್ಕು ವರ್ಷದಲ್ಲಿ ಯಂತ್ರಗಳು ಸುಧಾರಿಸಿದವು ಅಷ್ಟೆ.

ಎರಡನೆಯದು ಎಲ್ಲಿ ಕಡಿಮೆ ಬೀಳುತ್ತದೆ ಎಂಬುದನ್ನೂ ಹೇಳಬೇಕು. ಮೊದಲ ಚಿತ್ರದ ಬಂಧ ಬಹಳ ಬಿಗಿ. ಇಬ್ಬರೇ ಇಬ್ಬರು, ಒಬ್ಬರ ಮುಖ ಕಂಡರೆ ಒಬ್ಬರಿಗಾಗದು, ಮನೆಗೆ ಮರಳಬೇಕಾದರೆ ಒಬ್ಬರಿಗೊಬ್ಬರು ಬೇಕೇ ಬೇಕು. ಒಂದು ದೃಶ್ಯ ತೆಗೆದರೂ ಕಥೆ ಕುಸಿಯುತ್ತದೆ. ಎರಡನೆಯದರಲ್ಲಿ ಆ ಬಿಗಿ ಇಲ್ಲ. ವುಡಿ ಒಂದು ಕಡೆ, ಅವನನ್ನು ಹುಡುಕುವ ಬಳಗ ಇನ್ನೊಂದು ಕಡೆ. ಕತ್ತರಿ ಅತ್ತಿತ್ತ ಓಡಾಡುತ್ತಿರುತ್ತದೆ. ಬಜ್‌ನ ಶತ್ರು ಜರ್ಗ್ ಬಂದು, ನಾನೇ ನಿನ್ನ ತಂದೆ ಎಂದು ‘ಸ್ಟಾರ್ ವಾರ್ಸ್’ ಸರಣಿಯನ್ನು ಅಣಕಿಸುವ ಪ್ರಸಂಗಕ್ಕೆ ಥಿಯೇಟರಿನಲ್ಲಿ ನಗು ಬರಬಹುದು, ಆದರೆ ಅದು ಸಾಲ ತಂದ ನಗು. ಈ ಗೊಂಬೆಗಳ ಬದುಕಿನಿಂದ ಹುಟ್ಟಿದ್ದಲ್ಲ. ಆಲ್ ಕೂಡ ಸಿಡ್‌ನಷ್ಟು ಭಯ ಹುಟ್ಟಿಸುವುದಿಲ್ಲ. ಕೊನೆಗೆ ವಿಮಾನ ನಿಲ್ದಾಣದ ಆಟಾಟೋಪ ಸ್ವಲ್ಪ ದೀರ್ಘವಾಯಿತು ಎಂದು ಮಗಳೂ ಗೊಣಗಿದಳು.

ಆದರೂ ನಗೆಯ ಲೆಕ್ಕದಲ್ಲಿ ಒಂದಿಷ್ಟು ಮುತ್ತುಗಳಿವೆ. ರಸ್ತೆ ದಾಟಬೇಕಾದ ಗೊಂಬೆಗಳು, ಸಂಚಾರ ತಡೆಗೆ ಇಡುವ ಕಿತ್ತಳೆ ಬಣ್ಣದ ಶಂಕುಗಳನ್ನು ಮೈಮೇಲೆ ಕವಿದುಕೊಂಡು ಹೊರಡುತ್ತವೆ. ತೆವಳುವುದು, ನಿಲ್ಲುವುದು, ಮತ್ತೆ ತೆವಳುವುದು. ಹಿಂದೆ ವಾಹನಗಳು ಒಂದಕ್ಕೊಂದು ಡಿಕ್ಕಿಯಾಗಿ, ಪೈಪು ಹೇರಿದ ಲಾರಿಯಿಂದ ಪೈಪು ಉರುಳಿ, ರಸ್ತೆಯೆಲ್ಲ ಚೆಲ್ಲಾಪಿಲ್ಲಿ. ಒಳಗಿರುವ ಗೊಂಬೆಗಳಿಗೆ ಅದು ಯಾವುದೂ ಗೊತ್ತಿಲ್ಲ. ಆಚೆ ದಡ ಸೇರಿ, ಪರವಾಗಿಲ್ಲ, ಸಲೀಸಾಗಿ ಬಂದೆವು ಎಂದುಕೊಳ್ಳುತ್ತವೆ. ಶನಿವಾರವೂ ಅಷ್ಟು ದೂರ ಗಾಡಿ ಓಡಿಸಬೇಕಲ್ಲ ಎಂದು ಗೊಣಗಿಕೊಂಡು ಕೆಲಸಕ್ಕೆ ಹೊರಡುವ ಆಲ್‌ನ ಅಂಗಡಿ ಇರುವುದು ಅವನ ಮನೆಯೆದುರಿನ ಇದೇ ರಸ್ತೆಯ ಆಚೆ ಬದಿಯಲ್ಲಿ. ಬಾರ್ಬಿಯದೂ ಒಂದು ಕಥೆಯಿದೆ. ಮೊದಲ ಚಿತ್ರಕ್ಕೆ ಬಾರ್ಬಿಯನ್ನು ಕೊಡಲು ಮ್ಯಾಟೆಲ್ ಕಂಪನಿ ಒಪ್ಪಿರಲಿಲ್ಲ, ಎರಡನೆಯದಕ್ಕೆ ಕೊಟ್ಟಿತು. ಅಂಗಡಿಯಲ್ಲಿ ದಾರಿ ತೋರಿಸುವ ಬಾರ್ಬಿ, ಮುಂದಾಲೋಚನೆಯಿಲ್ಲದ ವ್ಯಾಪಾರಿಗಳು 1995ರಲ್ಲಿ ಬೇಕಾದಷ್ಟು ಬಜ್ ಗೊಂಬೆ ತರಿಸಿಟ್ಟುಕೊಂಡಿರಲಿಲ್ಲ ಎಂದು ಹೇಳುತ್ತಾಳೆ. ಆ ವರ್ಷ ಕ್ರಿಸ್‌ಮಸ್ ಸಮಯದಲ್ಲಿ ಅಮೆರಿಕದ ಅಂಗಡಿಗಳಲ್ಲಿ ನಿಜವಾಗಿ ಆಗಿದ್ದೇ ಅದು.

ಹೀಗೆ ನಗುತ್ತಿರುವಾಗಲೇ ಚಿತ್ರ ನಮ್ಮನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಕೂರಿಸುತ್ತದೆ. ಜೆಸ್ಸಿ ತನ್ನ ಕಥೆ ಹೇಳುತ್ತಾಳೆ. ರ್‍ಯಾಂಡಿ ನ್ಯೂಮನ್ ರಚಿಸಿದ ಹಾಡು, ಸಾರಾ ಮೆಕ್ಲಾಕ್ಲನ್ ದನಿ; ಮಾತಿಲ್ಲದ ಕೆಲವೇ ನಿಮಿಷ. ಎಮಿಲಿ ಎಂಬ ಹುಡುಗಿ, ಅವಳ ಕೋಣೆಯ ತುಂಬ ಕೌಬಾಯ್ ಚಿತ್ರಗಳು, ಜೆಸ್ಸಿಯನ್ನು ಬಿಟ್ಟು ಒಂದು ಹೆಜ್ಜೆ ಇಡುವುದಿಲ್ಲ. ಒಂದು ದಿನ ಜೆಸ್ಸಿ ಮಂಚದ ಅಡಿಗೆ ಜಾರಿ ಬೀಳುತ್ತಾಳೆ. ಅಲ್ಲಿಂದ ಅವಳಿಗೆ ಕಾಣುವುದು ಎಮಿಲಿಯ ಕಾಲುಗಳಷ್ಟೆ, ಗೆಳತಿಯರ ಕಾಲುಗಳು, ಉಗುರಿಗೆ ಹಚ್ಚುವ ಬಣ್ಣ. ವರ್ಷಗಳ ನಂತರ ಒಂದು ಕೈ ಮಂಚದ ಕೆಳಗೆ ಚಾಚುತ್ತದೆ. ಜೆಸ್ಸಿಯ ಮುಖ ಅರಳುತ್ತದೆ. ಎಮಿಲಿ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹಳೆಯ ಮರದ ಹತ್ತಿರಕ್ಕೆ ಹೋಗುತ್ತಾಳೆ, ಮೊದಲಿನ ಹಾಗೆ. ಅಲ್ಲಿ ರಸ್ತೆ ಬದಿಯಲ್ಲಿ ದಾನದ ವಸ್ತುಗಳ ಡಬ್ಬ ಇಟ್ಟಿರುತ್ತದೆ.

ನೋಡುವವನು ಮೊದಲ ಸಲ ಎಮಿಲಿಯ ಮೇಲೆ ಕೋಪಗೊಳ್ಳುತ್ತಾನೆ. ಎರಡನೇ ಸಲಕ್ಕೆ ಗೊತ್ತಾಗುತ್ತದೆ, ಎಮಿಲಿ ಯಾವ ತಪ್ಪನ್ನೂ ಮಾಡಿಲ್ಲ, ಬೆಳೆದಿದ್ದಾಳೆ ಅಷ್ಟೆ. ಮೊದಲ ‘ಟಾಯ್ ಸ್ಟೋರಿ’ ಕೇಳದೆ ಬಿಟ್ಟ ಪ್ರಶ್ನೆ ಇದು. ಅಲ್ಲಿದ್ದ ಭಯ ಹೊಸ ಗೊಂಬೆಯದು. ಹೊಸ ಗೊಂಬೆಯ ಜೊತೆ ರಾಜಿ ಮಾಡಿಕೊಳ್ಳಬಹುದು, ಸ್ನೇಹ ಮಾಡಿಕೊಳ್ಳಬಹುದು. ಮಗು ದೊಡ್ಡದಾಗುವುದರ ಜೊತೆ ಯಾವ ಗೊಂಬೆ ರಾಜಿ ಮಾಡಿಕೊಂಡೀತು? ಜೆಸ್ಸಿಯ ಕಥೆ ಮುಗಿದ ಮೇಲೆ ವುಡಿ ಆಂಡಿಯ ಹತ್ತಿರ ಮರಳುತ್ತಾನೋ ಇಲ್ಲವೋ ಎಂಬ ಆತಂಕ ನಿಜವಾದ ಆತಂಕವಾಗುತ್ತದೆ, ಯಾಕೆಂದರೆ ಹೋಗದಿರಲು ಅವನಿಗೆ ಒಳ್ಳೆಯ ಕಾರಣ ಸಿಕ್ಕಿದೆ. ಸಪ್ಪೆಯಾಗಿದ್ದ ಕರಡಿಗೆ ಉಪ್ಪು ಬಿದ್ದದ್ದು ಇಲ್ಲಿ.

ಅವನ ಮುಂದಿರುವ ಇನ್ನೊಂದು ದಾರಿ ಜಪಾನಿನ ವಸ್ತುಸಂಗ್ರಹಾಲಯ. ಆಲ್ ಈ ಗೊಂಬೆಗಳ ಗುಂಪನ್ನು ಅಲ್ಲಿಗೆ ಮಾರಲಿದ್ದಾನೆ. ಗಾಜಿನ ಕಪಾಟಿನಲ್ಲಿ ನಿಂತರೆ ಯಾರೂ ಎಳೆಯುವುದಿಲ್ಲ, ತೋಳು ಹರಿಯುವುದಿಲ್ಲ, ಬಣ್ಣ ಮಾಸುವುದಿಲ್ಲ. ತಲೆಮಾರುಗಳು ಬಂದು ನೋಡಿಕೊಂಡು ಹೋಗುತ್ತವೆ. ಸ್ಟಿಂಕಿ ಪೀಟ್ ಹೇಳುವುದೂ ಇದನ್ನೇ, ಅವನಿಗೆ ಡಬ್ಬದಿಂದ ಹೊರಗಿನ ಬದುಕೇ ಗೊತ್ತಿಲ್ಲ. ಅಂಗಡಿಯ ಕಪಾಟಿನಲ್ಲಿ ಕೂತು ಬೇರೆ ಗೊಂಬೆಗಳು ಮಾರಾಟವಾಗುವುದನ್ನೇ ವರ್ಷಗಟ್ಟಲೆ ನೋಡಿ ಮನಸ್ಸು ಹುಳಿಯಾದವನು ಅವನು. ಮೆಚ್ಚಿದ ಚಿತ್ರವೊಂದಕ್ಕೆ ಎರಡನೇ ಭಾಗ ಬೇಡ, ಅದನ್ನು ಹಾಗೇ ಬಿಡಿ ಎಂದು ನಾವು ಹೇಳುವಾಗ ಕೇಳುವುದು ಈ ಗಾಜಿನ ಕಪಾಟನ್ನೇ. ನಾನೂ ಎಷ್ಟೋ ಸಲ ಹಾಗೆ ಹೇಳಿದ್ದೇನೆ. ಈ ಚಿತ್ರ ಆ ವಾದವನ್ನು ಕಡೆಗಣಿಸುವುದಿಲ್ಲ. ಅದಕ್ಕೆ ಪೀಟ್‌ನ ಬಾಯಲ್ಲಿ ತೂಕದ ಮಾತು ಕೊಟ್ಟು, ಆಮೇಲೆ ವುಡಿಯ ಕೈಯಿಂದ ಬೂಟಿನಡಿಯ ಬಣ್ಣ ಕೆರೆಸುತ್ತದೆ. ಮುದುಕ ಅಷ್ಟು ಅಚ್ಚುಕಟ್ಟಾಗಿ ಬಳಿದಿದ್ದ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಕೆಳಗೆ ಆ ಸೊಟ್ಟ ಅಕ್ಷರಗಳು ಹಾಗೇ ಇವೆ. ‘ಇದೆ ಇದೆ!’ ಎಂದು ಮಗಳು ನನ್ನ ಮೊಣಕೈ ಹಿಡಿದು ಅಲುಗಾಡಿಸಿದಳು.

ಆ ಕಾರಣಕ್ಕೆ ನಾನು ಎರಡನೇ ಭಾಗದ ಪಕ್ಷ. ಅದು ಮೊದಲನೆಯದರ ಸಮಕ್ಕೆ ನಿಲ್ಲುತ್ತದೆ ಎಂದು ಅಳುಕಿಲ್ಲದೆ ಹೇಳುತ್ತೇನೆ; ಬಿಗಿಯಲ್ಲಿ ಸ್ವಲ್ಪ ಹಿಂದೆ, ಎದೆಗೆ ತಟ್ಟುವುದರಲ್ಲಿ ಮುಂದೆ. ಲೋಕವೂ ಹೆಚ್ಚುಕಡಿಮೆ ಹಾಗೇ ಹೇಳಿತು. ಹಾಸ್ಯ ಮತ್ತು ಸಂಗೀತ ಚಿತ್ರಗಳ ವಿಭಾಗದ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಜೆಸ್ಸಿಯ ಹಾಡು ಆಸ್ಕರ್‌ಗೆ ನಾಮನಿರ್ದೇಶನಗೊಂಡು, ‘ಟಾರ್ಜನ್’ ಚಿತ್ರದ ಹಾಡಿಗೆ ಸೋತಿತು. ಆ ಸೋಲು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಗಳಿಕೆಯಲ್ಲೂ ಅದು ಮೊದಲನೆಯದನ್ನು ಮೀರಿಸಿತು. 2006ರಲ್ಲಿ ಡಿಸ್ನಿ ಪಿಕ್ಸಾರ್ ಅನ್ನು ಕೊಂಡುಕೊಂಡು, ಅದರ ಮುಖ್ಯಸ್ಥರ ಕೈಗೆ ತನ್ನ ಆ್ಯನಿಮೇಷನ್ ವಿಭಾಗವನ್ನೂ ಕೊಟ್ಟ ಮೇಲೆ, ಹಳೆಯ ಚಿತ್ರಗಳಿಗೆ ಕ್ಯಾಸೆಟ್ ಭಾಗಗಳನ್ನು ಹೊಸೆಯುವ ಪದ್ಧತಿ ನಿಂತಿತು.

ಇನ್ನೊಂದು ವಿವರ ಉಳಿದಿದೆ. ಕೊನೆಯ ಹೊಡೆದಾಟದಲ್ಲಿ ಸ್ಟಿಂಕಿ ಪೀಟ್ ತನ್ನ ಗುದ್ದಲಿಯಿಂದ ವುಡಿಯ ತೋಳನ್ನು ಮತ್ತೆ ಹರಿಯುತ್ತಾನೆ. ಮುದುಕನ ಆ ಕಾಣದ ಹೊಲಿಗೆ ಒಂದೇ ಏಟಿಗೆ ಬಿಚ್ಚಿಹೋಗುತ್ತದೆ. ಶಿಬಿರದಿಂದ ಬಂದ ಆಂಡಿಯೇ ಈ ಸಲ ಹೊಲಿಯುತ್ತಾನೆ. ಹತ್ತಿ ತುಸು ಜಾಸ್ತಿಯೇ ತುರುಕಿದ್ದಾನೆ, ತೋಳು ಊದಿಕೊಂಡು ಪೈಲ್ವಾನನ ತೋಳಿನಂತಾಗಿದೆ. ಪಕ್ಕದಲ್ಲಿ, ವುಡಿಯ ಜೊತೆ ಮನೆಗೆ ಬಂದ ಬುಲ್ಸ್‌ಐ ಒಂದೊಂದೇ ಗೊರಸು ಎತ್ತಿ ತೋರಿಸುತ್ತದೆ. ನಾಲ್ಕು ಗೊರಸಿಗೆ ಒಂದೊಂದು ಇಂಗ್ಲಿಷ್ ಅಕ್ಷರದಂತೆ ಆಂಡಿಯ ಹೆಸರು. ಮಗಳು ಅಷ್ಟು ಹೊತ್ತಿಗೆ ಪರದೆ ನೋಡುವುದು ಬಿಟ್ಟು, ಸ್ಕೆಚ್ ಪೆನ್ನು ಹುಡುಕಲು ಒಳಗೆ ಹೋಗಿದ್ದಳು.